ಒಂದು ಊಟದ ಹೊತ್ತು

ಮೂರು ಮನೆಗೂ ಹೋಗಿ ನಾನು ಒಂದೇ ಮಾತು ಹೇಳಿ ಬಂದಿದ್ದೆ. ‘ಸ್ವಲ್ಪ ಮಾಡಿ, ಸಾಕು. ರುಚಿ ನೋಡಿ ಹೋಗ್ತಾರೆ ಅಷ್ಟೆ.’ ಮೂರು ಮನೆಯವರೂ ನಕ್ಕು ತಲೆಯಾಡಿಸಿದ್ದರು. ಆ ನಗುವಿನ ಅರ್ಥ ನನಗೆ ಆಗಲೇ ಹೊಳೆಯಬೇಕಿತ್ತು. ನಮ್ಮ ಕಡೆ ನೆಂಟರ ಮನೆಗೆ ಹೋದವರು ಯಾರೇ ಇರಲಿ, ‘ಸ್ವಲ್ಪ ಸಾಕು’ ಅಂತಲೇ ಹೇಳುವುದು. ಅದನ್ನು ನಂಬಿ ಯಾರಾದರೂ ಸ್ವಲ್ಪ ಬಡಿಸಿದರೆ ಆ ಮನೆಗೆ ಮತ್ತೆ ಯಾರೂ ಕಾಲಿಡುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದ ನಾನು ಅದನ್ನು ಮರೆತು, ಹೇಳಿದ್ದು ಹೇಳಿದ ಹಾಗೇ ನಡೆಯುತ್ತದೆ ಅಂದುಕೊಂಡು ಜೀಪಿಗೆ ಗ್ರೀಸು ಹೊಡೆಯುತ್ತ ಕೂತಿದ್ದೆ.

ಕೆಲಸ ಇಷ್ಟೇ. ಮೈಸೂರಿನಲ್ಲಿ ಒಬ್ಬ ಟೂರಿಸ್ಟ್ ಏಜೆಂಟರಿದ್ದರು. ಬಂಡೀಪುರ ನೋಡಲು ಬಂದವರಿಗೆ ಪ್ರಾಣಿ ಕಾಣಿಸದೆ ಬೇಜಾರಾದರೆ ಅವರನ್ನು ಏನು ಮಾಡುವುದು ಅನ್ನುವುದು ಅವರ ತಲೆನೋವು. ಅದಕ್ಕೆ ಅವರು ಕಂಡುಕೊಂಡ ಮದ್ದು ನಾನು. ಗುಂಡ್ಲುಪೇಟೆಯಿಂದ ಬೆಳಿಗ್ಗೆ ಹೊರಟು, ಟಾರು ರಸ್ತೆ ಬಿಟ್ಟು, ಹೊಲದ ದಾರಿ, ಕೆರೆ ಏರಿ, ಹಳ್ಳ ಎಲ್ಲಾ ಜೀಪಿನಲ್ಲಿ ಹತ್ತಿಸಿ ಇಳಿಸಿ, ನಡುವೆ ಮೂರು ಮನೆಗಳಲ್ಲಿ ಊರ ಊಟದ ರುಚಿ ತೋರಿಸಿ, ಸಂಜೆಗೆ ಮೈಸೂರಿಗೆ ತಂದು ಬಿಡಬೇಕು. ನಾನು ಅಲ್ಲಿಯವರೆಗೆ ಬೇಗೂರಿನಿಂದ ಮಾರ್ಕೆಟ್ಟಿಗೆ ಈರುಳ್ಳಿ, ಟೊಮೇಟೊ ಹೊಡೆಯುತ್ತಿದ್ದವನು. ಈರುಳ್ಳಿ ಮೂಟೆ ಹಿಂದಿನ ಸೀಟಿನಲ್ಲಿ ಕೂತು ‘ವಾವ್’ ಅನ್ನುವುದಿಲ್ಲ. ಈ ಕೆಲಸ ನನಗೆ ಇಷ್ಟವಾಯಿತು.

ಇಷ್ಟವಾದದ್ದಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ನಾನು ಏಜೆಂಟರಿಗೆ ಹೇಳಿರಲಿಲ್ಲ. ಮೂರನೇ ಮನೆ ನನ್ನ ಅವ್ವನದು.

ಅವ್ವ ಇರುವುದು ಉಮ್ಮತ್ತೂರಿನಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ. ಹೆಸರು ಬೇಡ, ಅಲ್ಲಿಯವರ ಜೊತೆ ನಾನಿನ್ನೂ ಬಾಳಬೇಕು. ಒಂದು ಕಾಲದಲ್ಲಿ ಆ ಊರಿನಲ್ಲಿ ಯಾರ ಮನೆ ಮದುವೆಯಾದರೂ ಕಜ್ಜಾಯದ ಪಾಕ ಹಿಡಿಯುವುದಕ್ಕೆ ಅವ್ವನೇ ಬರಬೇಕಿತ್ತು. ನಾನು ಗಡಿಯಾಚೆಯ, ನಮ್ಮ ಜಾತಿಯಲ್ಲದ ಹುಡುಗಿಯನ್ನು ಮದುವೆಯಾದೆ. ಪಂಚಾಯ್ತಿ ಸೇರಲಿಲ್ಲ, ಯಾರೂ ಜಗಳ ಆಡಲಿಲ್ಲ, ದಂಡ ಹಾಕಲಿಲ್ಲ. ಅವ್ವನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟರು, ಅಷ್ಟೆ. ಬರುತ್ತಾರೆ, ಜಗುಲಿಯಲ್ಲಿ ಕೂರುತ್ತಾರೆ, ಮಾತಾಡುತ್ತಾರೆ. ತಟ್ಟೆ ಮುಂದೆ ಇಟ್ಟರೆ, ‘ಒಟ್ಟೆ ತುಂಬ್ಯದೆ ಕಣಕ್ಕ, ಈಗ್ತಾನೆ ಉಂಡ್ಕೊಂಡು ಬಂದೊ’ ಅನ್ನುತ್ತಾರೆ. ಯಾವ ಹೊತ್ತಿಗೆ ಬಂದರೂ ಎಲ್ಲರೂ ಈಗ ತಾನೆ ಉಂಡವರೇ. ಮದುವೆ ಮನೆಗಳಲ್ಲಿ ಪಾಕ ಹಿಡಿಯುವುದಕ್ಕೆ ಬೇರೆ ಯಾರೋ ಬಂದರು. ಅವ್ವ ಒಂದು ದಿನವೂ ನನಗೆ ‘ನಿನ್ನಿಂದ ಹೀಗಾಯ್ತು’ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಹಾಗಾಗಿ ನಾನು ಒಂದು ಲೆಕ್ಕ ಹಾಕಿದೆ. ಅವ್ವನ ಮನೆಯ ಎದುರಿಗೇ ಬೀದಿಯ ನೀರಿನ ತೊಂಬೆ. ಇಳಿಹೊತ್ತಿನಲ್ಲಿ ನಲ್ಲಿಗೆ ನೀರು ಬಿಟ್ಟಾಗ ಊರಿನ ಹೆಂಗಸರೆಲ್ಲ ಬಿಂದಿಗೆ ಹಿಡಿದು ಅಲ್ಲಿ ಸೇರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಪೇಟೆಯವರು ಜೀಪಿನಿಂದ ಇಳಿದು, ಒಳಗೆ ಹೋಗಿ, ಉಂಡು, ಬಾಗಿಲಿಗೆ ಬಂದು ಕೈ ತೊಳೆಯಬೇಕು. ಒಂದು ಸಲ ನೋಡಲಿ, ಹತ್ತು ಸಲ ನೋಡಲಿ. ದೊಡ್ಡ ಜನವೇ ಬಂದು ಉಣ್ಣುತ್ತಾರೆ, ನಮ್ಮದೇನು ಅಂತ ಯಾವಳಾದರೂ ಒಬ್ಬಳು ಒಂದು ಕಜ್ಜಾಯ ಬಾಯಿಗೆ ಹಾಕಿಕೊಳ್ಳದೇ ಇರುತ್ತಾಳೆಯೇ? ಇದನ್ನು ಅವ್ವನಿಗೆ ಬಿಡಿಸಿ ಹೇಳಲಿಲ್ಲ. ಆದರೆ ಹೊತ್ತು ಹೇಳಿದ ಕೂಡಲೇ ಅವಳಿಗೆ ಅರ್ಥವಾಯಿತು. ‘ನೀರ್ ಬುಡೊ ಒತ್ಗಾ?’ ಅಂತ ಕೇಳಿ, ನನ್ನ ಮುಖ ನೋಡಿ, ಅಕ್ಕಿ ನೆನೆಹಾಕುವುದು ಯಾವಾಗ ಅಂತ ಯೋಚಿಸತೊಡಗಿದಳು. ನನ್ನ ಹೆಂಡತಿ ತಾನೇ ಮುಂದಾಗಿ, ‘ಅವತ್ತು ನಾನು ಬರಲ್ಲ, ನನ್ನ ನೋಡಿದ್ರೆ ಕೆಡುತ್ತೆ’ ಅಂದಳು. ಹಾಗನ್ನಬೇಡ, ಬಾ ಅನ್ನುವ ಧೈರ್ಯ ನನಗೆ ಬರಲಿಲ್ಲ.

ಬಂದವರು ಗಂಡ ಹೆಂಡತಿ ಇಬ್ಬರೇ. ಸಾರ್ ಬೆಂಗಳೂರಿನವರು, ಕನ್ನಡ ಚೆನ್ನಾಗಿತ್ತು. ಮೇಡಂ ಉತ್ತರದ ಕಡೆಯವರು, ಕಲಿತ ಕನ್ನಡ. ಇಬ್ಬರೂ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆ ಬೈಯುವುದಕ್ಕೆ ಯಾರೂ ಸಿಗುವುದಿಲ್ಲ.

ಹಿಂದಿನ ರಾತ್ರಿ ಮಳೆ ಬಂದಿತ್ತು. ಗುಂಡ್ಲುಪೇಟೆಯ ಕಡೆಯ ಕೆಂಪು ಮಣ್ಣಿಗೆ ಮಳೆ ಒಳ್ಳೆಯದೇ. ಧೂಳು ಅಡಗುತ್ತದೆ, ಚಕ್ರ ಕಚ್ಚಿ ಹಿಡಿಯುತ್ತದೆ. ಚೆಂಡು ಹೂವಿನ ಹೊಲಗಳ ನಡುವೆ ಹೋಗುವಾಗ ಮೇಡಂ ಕಂಬಿ ಹಿಡಿದು ಎದ್ದು ನಿಂತು ಫೋಟೊ ಹೊಡೆದರು. ಒಂದು ಹಳ್ಳದ ಹತ್ತಿರ ಇಳಿದು, ಮುಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಬಿಲ್ಲೆ ತಿರುಗಿಸಿ ಲಾಕ್ ಮಾಡಿ, ಫೋರ್‌ವೀಲ್ ಹಾಕಿ, ಮೊದಲನೇ ಗೇರಿನಲ್ಲಿ ಬ್ರೇಕು ಮುಟ್ಟದೆ ಇಳಿಸಿದೆ. ಇಂಥ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ಅಡ್ಡ ತಿರುಗುತ್ತದೆ, ಎಂಜಿನ್ನೇ ಹಿಡಿದುಕೊಂಡು ಇಳಿಸಬೇಕು. ಸಾರ್ ಮಗುವಿನ ಹಾಗೆ ಕೂಗಿದರು. ಇನ್ನೊಂದು ಸಲ ಹತ್ತಿಸಿ ಇಳಿಸಿ ಅಂದರು, ಇಳಿಸಿದೆ.

ಮೊದಲನೇ ಮನೆ ಬೇಗೂರಿನ ಹತ್ತಿರದ ಒಂದು ತೋಟದ ಮನೆ. ಅಲ್ಲಿ ನಾನು ಹೇಳಿದ್ದು ಒಂದೊಂದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಹೋಗಿ ನೋಡಿದರೆ ರೊಟ್ಟಿ ತಟ್ಟುತ್ತಲೇ ಇದ್ದಾರೆ. ಬೆಣ್ಣೆ ಉಂಡೆ ಬೇರೆ. ‘ಇನ್ನೊಂದ್ ಆಕಿ, ಮುಂದ್ಕೆ ಓಗಷ್ಟ್ರಲ್ಲಿ ಕರ್ಗೋಯ್ತದೆ’ ಅಂತ ಆ ಮನೆಯ ಯಜಮಾನರು ತಟ್ಟೆಯ ಮೇಲೆ ಅಡ್ಡ ಇಟ್ಟ ಕೈಯನ್ನೇ ಸರಿಸಿ ಹಾಕಿಸಿದರು. ನನಗೆ ಅಲ್ಲೇ ಸಣ್ಣಗೆ ಅಳುಕು ಶುರುವಾಯಿತು.

ಎರಡನೇ ಮನೆಯಲ್ಲಿ ಅಳುಕು ಹೋಗಿ ಭಯವಾಯಿತು. ಉಪ್ಪೆಸರು, ಅರೆದ ಖಾರ, ಮುದ್ದೆ ಅಂತ ಮಾತಾಗಿತ್ತು, ನಿಂಬೆ ಗಾತ್ರದ ಮುದ್ದೆ ಕಟ್ಟಿ ಅಂತ ಕೈಯಲ್ಲಿ ತೋರಿಸಿ ಬಂದಿದ್ದೆ. ಅವರು ಅನ್ನ, ತೊಗರಿ ಬೇಳೆ ಹುಳಿ, ಹಪ್ಪಳ, ಹೋಳಿಗೆ ಎಲ್ಲ ಮಾಡಿದ್ದರು. ಮುದ್ದೆ ಅವರ ಮನೆಯ ಆಳು ಉಣ್ಣುವಷ್ಟೇ ದಪ್ಪ. ನಾನು ಆ ಮನೆಯ ಅಮ್ಮನನ್ನು ಪಕ್ಕಕ್ಕೆ ಕರೆದು, ‘ಅಕ್ಕಾ, ನಾನು ಹೇಳಿದ್ನಲ್ಲ, ಇನ್ನೊಂದು ಮನೆ ಅದೆ, ಅಲ್ಲೂ ಉಣ್ಬೇಕು’ ಅಂದೆ.

‘ನೀನ್ ಏಳ್ತೀಯ ಕಣಪ್ಪ, ಏಳ್ದೆ ಏನ್ ಮಾಡೀಯೆ’ ಅಂತ ಆಕೆ ನಕ್ಕರು. ‘ನಮ್ಮನೆಯಿಂದ ಅರೆವೊಟ್ಟೆಲಿ ಕಳ್ಸುದ್ರೆ ಆ ಇನ್ನೊಂದ್ ಮನೆಯವ್ರು ನಮ್ಗೆ ಏನಂದಾರು?’

ಆ ಇನ್ನೊಂದು ಮನೆ ಯಾರದು ಅಂತ ಆಕೆಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸಾರ್ ಮುದ್ದೆ ಅಗಿಯದೆ ನುಂಗಬೇಕು ಅಂತ ಕಲಿತ ಖುಷಿಯಲ್ಲಿ ಎರಡು ಮುದ್ದೆ ಇಳಿಸಿದರು. ಮೇಡಂಗೆ ಎಲೆಯಲ್ಲಿ ಬಿಡಬಾರದು ಅಂತ ಯಾರೋ ಹೇಳಿಕೊಟ್ಟಿದ್ದರಂತೆ. ಪಾಪ, ಹೋಳಿಗೆಯ ಕೊನೆಯ ಚೂರನ್ನೂ ನೀರು ಕುಡಿದು ಕುಡಿದು ಮುಗಿಸಿದರು. ಆಗಲೇ ಹೊತ್ತು ಬಾಗಿತ್ತು.

ಅಲ್ಲಿಂದ ಮುಂದೆ ಒಂದು ಕಡೆ ದಾರಿ ಒಡೆಯುತ್ತದೆ. ಬಲಕ್ಕೆ ಬಸ್ಸು ಓಡುವ ಟಾರು ರಸ್ತೆ, ಸುತ್ತು, ಆದರೆ ಮೈ ಅಲುಗದೆ ಹೋಗಬಹುದು. ಎಡಕ್ಕೆ ಹೊಲದ ಗಾಡಿ ದಾರಿ, ನೇರ. ಉಮ್ಮತ್ತೂರಿನ ಕಡೆಗೆ ಹೋದ ಹಾಗೆ ಕೆಂಪು ಮಣ್ಣು ಮುಗಿದು ಎರೆಮಣ್ಣು ಬರುತ್ತದೆ, ಕಪ್ಪಗೆ, ಅಂಟು. ಮಳೆ ಬಿದ್ದ ಮಾರನೇ ದಿನ ಎರೆ ಹೊಲದ ದಾರಿಗೆ ಎತ್ತಿನ ಗಾಡಿಯವನೂ ಹೋಗುವುದಿಲ್ಲ. ಗೊತ್ತಿತ್ತು. ಆದರೆ ಟಾರು ರಸ್ತೆಯಲ್ಲಿ ಹೋದರೆ ತೊಂಬೆಗೆ ನೀರು ಬಂದು ನಿಂತೇ ಹೋಗಿರುತ್ತದೆ, ಬೀದಿ ಖಾಲಿಯಾಗಿರುತ್ತದೆ. ಅಷ್ಟರಲ್ಲಿ ಸಾರ್ ಎಡಕ್ಕೆ ಕೈ ತೋರಿಸಿ, ‘ಇದೇ ತಾನೆ ಆಫ್‌ರೋಡ್?’ ಅಂದರು. ನಾನು ಎಡಕ್ಕೆ ತಿರುಗಿಸಿದೆ.

ಸ್ವಲ್ಪ ದೂರ ಹೋಗುವುದರೊಳಗೆ ಚಕ್ರ ದಪ್ಪಗಾಗತೊಡಗಿತು. ಎರೆಮಣ್ಣು ಟೈರಿನ ಗೀರುಗಳನ್ನೆಲ್ಲ ಮುಚ್ಚಿ, ಪದರದ ಮೇಲೆ ಪದರ ಸುತ್ತಿ, ಮಡ್‌ಗಾರ್ಡಿಗೆ ಒರೆಸುತ್ತ, ಟೈರು ಅನ್ನುವುದು ಬರೀ ಮಣ್ಣಿನ ಉಂಡೆಯಾಯಿತು. ಫೋರ್‌ವೀಲ್ ಇದ್ದರೂ ನಾಲ್ಕೂ ಉಂಡೆಗಳು ನಿಂತಲ್ಲೇ ತಿರುಗಿದವು. ನಾನು ಇಳಿದು ಟೈರಿನ ಗಾಳಿ ಇಳಿಸಿದೆ, ಮಚ್ಚಿನಿಂದ ಮಣ್ಣು ಕೆರೆದೆ, ಬದುವಿನಲ್ಲಿ ಬಿದ್ದಿದ್ದ ತೆಂಗಿನ ಗರಿ ಎಳೆದು ತಂದು ಚಕ್ರದ ಕೆಳಗೆ ತುರುಕಿದೆ. ಗಾಡಿ ಒಂದು ಮಾರು ಬಂದು ಮತ್ತೆ ಕೂತಿತು. ಹೀಗೆ ಕೂತ ಗಾಡಿಯನ್ನು ಎಬ್ಬಿಸುವುದಕ್ಕೆ ಇರುವುದು ಒಂದೇ ಉಪಾಯ. ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ, ತೊಟ್ಟಿಲು ತೂಗುವ ಹಾಗೆ ಆಡಿಸಿ ಆಡಿಸಿ ಗುಂಡಿಯನ್ನು ಅಗಲ ಮಾಡಿಕೊಂಡು, ಒಂದು ಏಟಿಗೆ ಹಾರಿಸಬೇಕು. ಸಾರ್ ಇಳಿದು ತಳ್ಳುತ್ತಿದ್ದರು. ಮೇಡಂಗೆ ಇಳಿಯಿರಿ ಅನ್ನೋಣವೆಂದರೆ ಕೆಸರು ಮೀನಖಂಡದವರೆಗೆ, ಕಾಲಲ್ಲಿ ಪಟ್ಟಿ ಚಪ್ಪಲಿ. ಕೂತಿರಲಿ ಅಂತ ಬಿಟ್ಟೆ. ಹೊಟ್ಟೆಯಲ್ಲಿ ರೊಟ್ಟಿ, ಬೆಣ್ಣೆ, ಮುದ್ದೆ, ಹೋಳಿಗೆ ಇಟ್ಟುಕೊಂಡು ಅವರು ಆ ತೊಟ್ಟಿಲಲ್ಲಿ ಕೂತಿದ್ದರು.

ಎಷ್ಟು ಹೊತ್ತು ಆಡಿಸಿದೆನೋ. ಕೊನೆಗೆ ದೂರದಲ್ಲಿ ದನ ಮೇಯಿಸುತ್ತಿದ್ದವರೊಬ್ಬರು ಬೈದುಕೊಂಡೇ ಬಂದು, ‘ಇಂತಾ ದಿನ ಇತ್ಲಾಗ್ ಯಾವನ್ಲಾ ಬತ್ತನೆ, ಕಣ್ ಕಾಣ್ನಿಲ್ವಾ’ ಅಂತ ಹೆಗಲು ಕೊಟ್ಟರು. ಜೀಪು ಹಾರಿ ಗಟ್ಟಿ ನೆಲ ಹತ್ತಿತು. ತಿರುಗಿ ನೋಡಿದರೆ ಮೇಡಂ ಮುಖದಲ್ಲಿ ರಕ್ತವಿಲ್ಲ. ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು.

ಸಾರ್ ಹೇಳಿದರು, ‘ಇನ್ನು ಸಾಕು. ಆ ಮೂರನೇ ಮನೆ ಬಿಟ್ಟುಬಿಡಿ. ನೇರ ಮೈಸೂರಿಗೆ ಹೋಗಿಬಿಡೋಣ.’

ಆಗ ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು. ದಾರಿಯಲ್ಲಿ ಗಾಡಿ ಕೆಟ್ಟಿತು, ಬರಲಾಗಲಿಲ್ಲ ಅಂತ ಅವ್ವನಿಗೆ ಹೇಳಬಹುದಿತ್ತು. ನನ್ನ ಬಾಯಿ ಬೇರೆ ಹೇಳಿತು. ‘ಸಾರ್, ಅದು ನಮ್ಮಮ್ಮನ ಮನೆ. ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ. ಒಂದು ತುತ್ತು, ಒಂದೇ ಒಂದು ತುತ್ತು.’ ಸಾರ್ ಏನೋ ಹೇಳಲು ಹೋದರು. ಮೇಡಂ ಕರವಸ್ತ್ರದ ಮೇಲಿನಿಂದಲೇ ‘ಹೋಗೋಣ’ ಅಂದರು.

ಬೀದಿಗೆ ಜೀಪು ಬಂದಾಗ ತೊಂಬೆಯ ಸುತ್ತ ಜನ ಜೇನಿನ ಹಾಗೆ ಮುತ್ತಿದ್ದರು. ಅವತ್ತು ನೀರು ಬಿಟ್ಟದ್ದೂ ತಡವಾಗಿತ್ತು, ನನ್ನ ಲೆಕ್ಕ ಅದೊಂದು ಕಡೆ ಮಾತ್ರ ಸರಿಹೋಗಿತ್ತು. ಅವ್ವನ ಬಾಗಿಲು ಸಾರಿಸಿ, ದೊಡ್ಡ ರಂಗೋಲಿ. ಮದುವೆಗಳಿಗೆ ಉಡುತ್ತಿದ್ದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು ಹೊಸಿಲಲ್ಲಿ ನಿಂತಿದ್ದಳು. ‘ಬನ್ನಿ ತಾಯಿ, ಬನ್ನಿ ಸ್ವಾಮಿ’ ಅಂದಳು, ಬೀದಿಗೆ ಕೇಳಿಸುವಷ್ಟು ಜೋರಾಗಿ. ನಮ್ಮವ್ವನ ದನಿ ಅಷ್ಟು ಎತ್ತರಕ್ಕೆ ಏರಿದ್ದು ನಾನು ಕೇಳಿ ಎಷ್ಟು ವರ್ಷವಾಗಿತ್ತೋ.

ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿದ್ದಳು. ಹುರುಳಿಕಾಳಿನ ಬಸ್ಸಾರು, ಪಲ್ಯ, ಬಿಸಿ ಅನ್ನ, ತುಪ್ಪ. ಒಂದು ಬಿದಿರು ಮಂಕರಿಯ ತುಂಬ ಕಜ್ಜಾಯ. ಇಬ್ಬರು ಉಣ್ಣುವುದಕ್ಕೆ ಮಾಡಿದ ಅಡಿಗೆ ಅಲ್ಲ ಅದು. ಬೀದಿಯವರು ಬಂದರೂ ಇರಲಿ ಅಂತ ಮಾಡಿದ್ದು. ಮೇಡಂ ಎಲೆಯ ಮುಂದೆ ಕೂತರು. ತುಪ್ಪದ ಹಬೆ ಮುಖಕ್ಕೆ ಬಡಿಯುತ್ತಿದ್ದ ಹಾಗೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಎರಡೂ ಕೈ ಜೋಡಿಸಿ, ಕಲಿತ ಕನ್ನಡದಲ್ಲಿ, ತುಂಬ ಮರ್ಯಾದೆಯಿಂದ ಹೇಳಿದರು, ‘ಅಮ್ಮಾ, ಹೊಟ್ಟೆ ತುಂಬಿದೆ. ಈಗ ತಾನೆ ಊಟ ಆಯ್ತು.’

ಲೋಕದಲ್ಲಿ ಇರುವ ಮಾತುಗಳಲ್ಲಿ ಅದೊಂದನ್ನೇ ಅವರು ಆರಿಸಿಕೊಳ್ಳಬೇಕೇ? ನಿಜವನ್ನೇ ಹೇಳಿದ್ದರು. ಅವ್ವನ ಕೈಯಲ್ಲಿ ಸೌಟು ಹಾಗೇ ನಿಂತಿತು. ಅವಳು ನನ್ನ ಕಡೆ ನೋಡಿದಳು. ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ ಅಂತ ಇವರಿಗೂ ಹೇಳಿಬಿಟ್ಟೆಯಾ ಅಂತ ಕೇಳಿದ ಹಾಗಿತ್ತು ಆ ನೋಟ. ನಾನು ದಾರಿಯ ಕಥೆ, ಎರಡು ಮನೆಯ ಊಟದ ಕಥೆ ಎಲ್ಲ ಬಡಬಡನೆ ಒದರಿದೆ. ಸಾರ್ ಅಷ್ಟರಲ್ಲಿ ಒಂದು ತುತ್ತು ಕಲಸಿ ಬಾಯಿಯ ಹತ್ತಿರ ತಂದರು. ಬಾಯಿ ತೆರೆಯುವಷ್ಟರಲ್ಲಿ ಓಕರಿಕೆ ಬಂತು. ತುತ್ತು ಎಲೆಗೆ ಬಿತ್ತು.

‘ಬ್ಯಾಡ ಬುಡಪ್ಪ’ ಅಂದಳು ಅವ್ವ. ‘ಬಲವಂತಕ್ಕೆ ಉಣ್ಬಾರ್ದು, ಮೈಗತ್ತಲ್ಲ.’ ಸೌಟು ಕೆಳಗಿಟ್ಟಳು. ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳಿದಳು, ‘ಉಣ್ಣದೆ ಇದ್ರೂ ಪರ್ವಾಗಿಲ್ಲ ಕಣವ್ವ. ಒಂದ್ ಊಟದ್ ಒತ್ತು ಒಳ್ಗೇ ಕುಂತಿರಿ. ಆಮೇಲೆ ಬಾಗ್ಲುಗೆ ಬಂದು ಕೈ ತೊಳ್ಕೊಂಡು ಒಂಟೋಗಿ. ಅಷ್ಟ್ ಮಾಡಿ ಸಾಕು.’

ಸಾರ್‌ಗೆ ಏನು ಅರ್ಥವಾಯಿತೋ, ಮೇಡಂಗೆ ಏನು ಅರ್ಥವಾಯಿತೋ, ಇಬ್ಬರೂ ಯಾಕೆ ಅಂತ ಕೇಳಲಿಲ್ಲ. ಕೂತರು. ನಾನು ನನ್ನ ಎಲೆಯಲ್ಲಿ ಉಂಡೆ. ನಾನು ಉಂಡರೆ ಯಾರ ಲೆಕ್ಕಕ್ಕೂ ಇಲ್ಲ, ಆದರೆ ಬಾಯಿ ಆಡುತ್ತಿದ್ದರೆ ಅಳುವುದು ತಪ್ಪುತ್ತದೆ. ಅವ್ವ ನಡುನಡುವೆ ‘ಇನ್ನೊಸಿ ಆಕುಸ್ಕಳಿ’, ‘ಕಜ್ಜಾಯ ಇನ್ನೊಂದು’ ಅಂತ ಬೀದಿಗೆ ಕೇಳುವ ಹಾಗೆ ಅನ್ನುತ್ತ, ಬರಿಗೈಯಲ್ಲಿ ಆ ಎಲೆಗೂ ಈ ಎಲೆಗೂ ಬಾಗುತ್ತಿದ್ದಳು. ಹೊರಗೆ ಬಿಂದಿಗೆಗಳ ಸದ್ದು. ಎಲೆಗಳ ಮೇಲಿನ ಹಬೆ ಎದ್ದು ಎದ್ದು ಆ ಗಾಳಿಯಿಲ್ಲದ ನಡುಮನೆ ತುಂಬಿತು. ಇನ್ನು ಸ್ವಲ್ಪ ಹೊತ್ತು ಅಂತ ನಾನು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಮೇಡಂ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು.

ಅವ್ವ ಚೊಂಬಿನಲ್ಲಿ ನೀರು ಹಿಡಿದು, ‘ಏಳಿ, ಕೈ ತೊಳ್ಕಳಿ’ ಅಂದಳು. ಮೂವರೂ ಹೊಸಿಲಿಗೆ ಬಂದೆವು. ತೊಂಬೆಯ ಹತ್ತಿರ ಮಾತು ನಿಂತಿತು. ಸಾರ್ ಕೈ ಚಾಚಿದರು, ಅವ್ವ ನೀರು ಹಾಕಿದಳು. ಅವರು ಉಂಡವರ ಹಾಗೇ ಬೆರಳು ಉಜ್ಜಿ ತೊಳೆದರು. ದೇವರಂಥ ಮನುಷ್ಯ. ಮೇಡಂ ಕೈ ಚಾಚಿದರು. ನೀರು ಬೀಳುವುದಕ್ಕೆ ಮುಂಚೆ ಅವರು ಬಾಯಿ ಮುಚ್ಚಿಕೊಂಡು, ಎರಡು ಹೆಜ್ಜೆ ಓಡಿ, ರಂಗೋಲಿಯ ಪಕ್ಕದಲ್ಲೇ ಕುಕ್ಕರಿಸಿ ವಾಂತಿ ಮಾಡಿದರು. ಬೆಳಿಗ್ಗೆಯಿಂದ ತಿಂದದ್ದೆಲ್ಲ ಬಂತು, ಎರಡೂ ಮನೆಯದು.

ಅವ್ವ ಚೊಂಬು ಬಿಟ್ಟು ಓಡಿ ಅವರ ಬೆನ್ನು ನೀವಿದಳು, ಹಣೆ ಹಿಡಿದಳು. ಮೇಡಂ ಅವ್ವನ ತೋಳಿಗೆ ಒರಗಿಕೊಂಡು ‘ಸಾರಿ ಅಮ್ಮ, ಸಾರಿ’ ಅನ್ನುತ್ತಿದ್ದರು. ಅವ್ವ ತಂದುಕೊಟ್ಟ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿದರು. ತೊಂಬೆಯ ಕಡೆಯಿಂದ ಯಾರೋ ಒಬ್ಬಳು, ಮೆಲ್ಲಗೆ ಅಂದರೂ ಕೇಳಿಸಿತು: ‘ಏನ್ ಇಕ್ಕುದ್ಳೋ ಕಣೆ, ಉಂಡ್ ಕೈ ತೊಳೆಯಗಂಟ ನಿಲ್ನಿಲ್ಲ.’

ನಾನು ಅಲ್ಲಿ ನಿಲ್ಲುವಂತಿರಲಿಲ್ಲ. ಅವರನ್ನು ಮೈಸೂರಿಗೆ ಮುಟ್ಟಿಸಬೇಕಿತ್ತು. ಜೀಪು ತಿರುಗಿಸುವಾಗ ಕನ್ನಡಿಯಲ್ಲಿ ಅವ್ವ ಕಾಣಿಸಿದಳು, ಬೂದಿ ತಂದು ರಂಗೋಲಿಯ ಪಕ್ಕ ಹಾಕುತ್ತಿದ್ದಳು.

ಮಾರನೇ ದಿನ ಬೆಳಿಗ್ಗೆ ಹೋದೆ. ಅವ್ವ ಹಿತ್ತಿಲಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತ ಕೂತಿದ್ದಳು. ಅನ್ನ, ಬಸ್ಸಾರು ಎಲ್ಲಾ ಹಸುವಿನ ಬಾನಿಗೆ ಹೋಗಿತ್ತು. ಕಜ್ಜಾಯದ ಮಂಕರಿ ಬಟ್ಟೆ ಮುಚ್ಚಿಕೊಂಡು ಹಾಗೇ ಇತ್ತು. ಊರೆಲ್ಲ ಏನು ಆಡಿಕೊಳ್ಳುತ್ತಿದೆ ಅಂತ ಬಸ್ ಸ್ಟಾಪಿನಿಂದ ಮನೆಗೆ ಬರುವುದರೊಳಗೇ ನನ್ನ ಕಿವಿಗೆ ಬಿದ್ದಿತ್ತು. ಆ ಮನೆಯಲ್ಲಿ ಉಂಡವರು ಬಾಗಿಲಲ್ಲೇ ಕಕ್ಕಿಕೊಂಡರಂತೆ, ಆ ಮನೆಯ ಅನ್ನ ಮೈಗೆ ಹತ್ತುವುದಿಲ್ಲವಂತೆ. ಇಷ್ಟು ವರ್ಷ ಅವರ ಹತ್ತಿರ ಒಂದು ನೆಪ ಇತ್ತು, ನಾನು ಹೋಗಿ ಸಾಕ್ಷಿ ಒದಗಿಸಿಕೊಟ್ಟಿದ್ದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

‘ಅವ್ವ, ನಾನೀಗ್ಲೆ ತೊಂಬೆ ತಾವ್ಕೆ ಓಗ್ತೀನಿ’ ಅಂದೆ. ‘ಎಲ್ರ ಮುಂದ್ಲೂ ಏಳ್ತೀನಿ. ಅವ್ರು ನಿನ್ ಮನೇಲಿ ಒಂದ್ ಅಗ್ಳೂ ನುಂಗ್ನಿಲ್ಲ, ಬರೀ ಎಲೆ ಮುಂದೆ ಕುಂತು ಎದ್ರು ಅಂತ. ವಾಂತಿ ಆಗಿದ್ದು ಬೇರೆಯವ್ರ ಮನೆ ಊಟ ಅಂತ ಏಳ್ಬುಡ್ತೀನಿ.’

ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಹುಣಸೆಹಣ್ಣಿನ ಸಿಪ್ಪೆಯನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ಉಜ್ಜುತ್ತ, ತಲೆ ಎತ್ತದೆ ಹೇಳಿದಳು:

‘ಬ್ಯಾಡ ಕಣ್ ಮಗ. ಉಂಡ್ರು ಅಂತಾರೆ. ಅದೊಂದಾದ್ರೂ ಇರ್ಲಿ ಬುಡು.’